ಬಾಗಿಲು ತೆಗೆದ ಕೂಡಲೇ ಮುಖಕ್ಕೆ ಹೊಡೆಯುವ ವಾಸನೆ: ಮನೆಗೆ ಒಳ್ಳೆ ಪರಿಮಳ ಬರಬೇಕಾದರೆ ಏನು ಮಾಡಬೇಕು?

ನಿಟ್ಟುವಳ್ಳಿ ಮನೆ (ಸೋಮವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ ದಾವಣಗೆರೆ ನಿಟ್ಟುವಳ್ಳಿಯಲ್ಲಿ ಬಾಡಿಗೆ ಮನೆಗೆ ಬಂದೆವು. ನೆಲಮಹಡಿ, ಎರಡು ರೂಮು, ಎರಡು ಬಚ್ಚಲು. ನಮಗಿಂತ ಮೊದಲು ಮನೆ ಏಳು ತಿಂಗಳು ಬೀಗ ಹಾಕಿತ್ತಂತೆ. ಹೊರಗೆ ಹೋಗಿ ಬಂದು ಬಾಗಿಲು ತೆಗೆದರೆ ಸಾಕು, ಒಂದು ವಾಸನೆ ಬರುತ್ತದೆ. ಮುಗ್ಗಲು ಅನ್ನಬೇಕೋ, ಚರಂಡಿ ಅನ್ನಬೇಕೋ, ಹಳೆ ಎಣ್ಣೆ ಅನ್ನಬೇಕೋ ನನಗೇ ಗೊತ್ತಾಗುತ್ತಿಲ್ಲ. ನಮ್ಮ ಯಜಮಾನರು "ಏನೂ ಬರ್ತಿಲ್ಲ, ನಿನಗೆ ಸುಮ್ನೆ ಅನಿಸುತ್ತದೆ" ಅನ್ನುತ್ತಾರೆ. ಆದರೆ ಪಕ್ಕದ ಮನೆ ಹುಡುಗಿ ಒಳಗೆ ಬಂದವಳೇ ಮೂಗಿಗೆ ದುಪಟ್ಟಾ ಹಿಡಿದಳು. ಆ ದಿನ ನನಗೆ ತುಂಬಾ ಬೇಜಾರಾಯಿತು.

ದಿನಕ್ಕೆ ಎರಡು ಹೊತ್ತು ಊದಿನಕಡ್ಡಿ ಹಚ್ಚುತ್ತೇನೆ. ಈಗ ಆ ವಾಸನೆ ಮತ್ತು ಊದಿನಕಡ್ಡಿ ಎರಡೂ ಸೇರಿ ಇನ್ನೊಂದು ಥರ ಆಗಿದೆ. ಗೌರಿ ಹಬ್ಬಕ್ಕೆ ನಮ್ಮತ್ತೆ ಹೊಸದುರ್ಗದಿಂದ ಬರುತ್ತಾರೆ. ಹನ್ನೆರಡು ದಿನ ಉಳಿದಿದೆ. ಅವರಿಗೆ ದಮ್ಮು ಇದೆ, ಹೊಗೆ ಆಗಿಬರುವುದಿಲ್ಲ. ಹೊಗೆ ಹಾಕದೆ ಮನೆ ಘಮ ಅನ್ನುವ ಹಾಗೆ ಮಾಡಲು ದಾರಿ ಇದ್ದರೆ ಹೇಳಿ.

ಮಂಡಿಪೇಟೆ ಹುಡುಗ

ಅಕ್ಕಾ, ಸ್ವಿಚ್ಚಿಗೆ ಸಿಕ್ಕಿಸುವ ಫ್ರೆಶ್ನರ್ ಬರುತ್ತದೆ ನೋಡಿ. ಒಂದು ಹಾಲ್‌ನಲ್ಲಿ, ಒಂದು ರೂಮಿನಲ್ಲಿ ಹಾಕಿ. ಹೊಗೆ ಇರಲ್ಲ, ಸುಲಭ.

ಆಸ್ಪತ್ರೆ ಅಕ್ಕ

ತಮ್ಮಾ, ದಮ್ಮು ಇರುವವರಿಗೆ ಸೆಂಟೂ ಒಂದೇ, ಹೊಗೆಯೂ ಒಂದೇ. ಎಷ್ಟೋ ಜನರಿಗೆ ಫ್ರೆಶ್ನರ್ ವಾಸನೆಗೇ ಎದೆ ಬಿಗಿಯುತ್ತದೆ. ಅದೂ ಅಲ್ಲದೆ ಫ್ರೆಶ್ನರ್ ಕೆಟ್ಟ ವಾಸನೆಯನ್ನು ತೆಗೆಯುವುದಿಲ್ಲ, ಅದರ ಮೇಲೆ ಇನ್ನೊಂದು ವಾಸನೆ ಹೊದಿಸುತ್ತದೆ ಅಷ್ಟೇ. ನಿಟ್ಟುವಳ್ಳಿ ಮೇಡಂ ಊದಿನಕಡ್ಡಿ ಹಚ್ಚಿದಾಗ ಆಗಿದ್ದೂ ಅದೇ ಅಲ್ವಾ?

ಮೇಡಂ, ನಿಮ್ಮ ಯಜಮಾನರ ಮಾತು ಸುಳ್ಳಲ್ಲ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಮೂಗು ಅದನ್ನು ಗಮನಿಸುವುದನ್ನೇ ಬಿಟ್ಟುಬಿಡುತ್ತದೆ. ನಾನು ವಾರ್ಡಿಗೆ ಹೋದ ಹತ್ತು ನಿಮಿಷದಲ್ಲಿ ಫಿನೈಲ್ ವಾಸನೆ ಮರೆತುಹೋಗುತ್ತದೆ, ಆದರೆ ಮನೆಗೆ ಬಂದರೆ ಮಗಳು ಬಾಗಿಲಲ್ಲೇ "ಆಸ್ಪತ್ರೆ ವಾಸನೆ" ಅನ್ನುತ್ತಾಳೆ. ನಾಳೆ ಬೆಳಿಗ್ಗೆ ಇಬ್ಬರೂ ಅರ್ಧ ಗಂಟೆ ಹೊರಗೆ ನಡೆದು ಬನ್ನಿ. ಬಂದ ಕೂಡಲೇ ಮಾತಾಡದೆ, ಫ್ಯಾನ್ ಹಾಕದೆ, ಒಂದೊಂದೇ ರೂಮಿನ ಬಾಗಿಲಲ್ಲಿ ನಿಂತು ಮೂಸಿ ನೋಡಿ. ಎಲ್ಲಿ ಜಾಸ್ತಿ ಅಂತ ಬರೆದಿಟ್ಟುಕೊಳ್ಳಿ. ಬೀರು, ಸಿಂಕಿನ ಕೆಳಗೆ, ಹಾಸಿಗೆ, ಕಾಲೊರಸು, ಎಲ್ಲವನ್ನೂ.

ನಲ್ಲಿ ಕೆಲಸ ದಾವಣಗೆರೆ

ಇಪ್ಪತ್ತು ವರ್ಷದಿಂದ ಪ್ಲಂಬಿಂಗ್ ಮಾಡುತ್ತಿದ್ದೇನೆ. ಏಳು ತಿಂಗಳು ಬೀಗ ಹಾಕಿದ ಮನೆ ಅಂದಕೂಡಲೇ ನನಗೆ ಮೊದಲು ನೆನಪಾಗುವುದು ಬಚ್ಚಲ ಜಾಲರಿ. ಎರಡು ಬಚ್ಚಲು ಅಂದಿರಿ. ಎರಡೂ ಬಳಸುತ್ತೀರಾ?

ನಿಟ್ಟುವಳ್ಳಿ ಮನೆ

ಇಲ್ಲ ಅಣ್ಣ. ಹಿಂದಿನ ರೂಮಿನದು ಬಳಸುವುದಿಲ್ಲ. ಬಕೆಟ್ಟು, ಪೊರಕೆ ಇಡುತ್ತೇವೆ, ಬಾಗಿಲು ಮುಚ್ಚಿರುತ್ತದೆ.

ನಲ್ಲಿ ಕೆಲಸ ದಾವಣಗೆರೆ

ಹಾಗಾದರೆ ಕೇಳಿ. ಜಾಲರಿ ಕೆಳಗೆ ನಹಾನಿ ಟ್ರ್ಯಾಪ್ ಅಂತ ಇರುತ್ತದೆ. ಬಟ್ಟಲಿನ ಹಾಗೆ ಇದ್ದು ಅದರಲ್ಲಿ ಸುಮಾರು ಎರಡು ಇಂಚು ನೀರು ಯಾವಾಗಲೂ ನಿಂತಿರಬೇಕು. ಆ ನೀರೇ ಬಾಗಿಲು. ಚರಂಡಿ ಗಾಳಿ ಮೇಲೆ ಬರದ ಹಾಗೆ ತಡೆಯುವುದು ಅದೊಂದೇ. ಬಚ್ಚಲು ಬಳಸದೆ ಬಿಟ್ಟರೆ ಕೆಲವೇ ವಾರದಲ್ಲಿ ನೀರು ಆರಿಹೋಗುತ್ತದೆ. ನಮ್ಮ ಊರಿನ ಬೇಸಿಗೆಯಲ್ಲಿ ಇನ್ನೂ ಬೇಗ. ಆಮೇಲೆ ಕೊಳೆತ ಮೊಟ್ಟೆ ವಾಸನೆ ನೇರ ಮನೆಯೊಳಗೆ. ಬಾಗಿಲು ಮುಚ್ಚಿಟ್ಟರೂ ಕೆಳಗಿನ ಸಂದಿಯಲ್ಲಿ ಬರುತ್ತದೆ.

ಇವತ್ತೇ ಆ ಬಚ್ಚಲಿಗೆ ಎರಡು ಚೊಂಬು ನೀರು ಹುಯ್ಯಿರಿ. ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಡಿ. ಎಣ್ಣೆ ಮೇಲೆ ತೇಲಿ ನಿಂತು ನೀರು ಬೇಗ ಆರುವುದನ್ನು ತಡೆಯುತ್ತದೆ. ವಾರಕ್ಕೊಮ್ಮೆ ಒಂದು ಚೊಂಬು ನೀರು ತಪ್ಪಿಸಬೇಡಿ.

ಇಷ್ಟಕ್ಕೂ ಹೋಗದಿದ್ದರೆ ಯಾವ ತೂತಿನಿಂದ ಬರುತ್ತಿದೆ ಅಂತ ಹುಡುಕಬೇಕು. ರಾತ್ರಿ ಮಲಗುವಾಗ ಒಂದೊಂದು ಜಾಲರಿ ಮೇಲೆ ಪ್ಲಾಸ್ಟಿಕ್ ಕವರ್ ಹಾಸಿ, ಅದರ ಮೇಲೆ ಒದ್ದೆ ಬಟ್ಟೆ ಒತ್ತಿ ಇಡಿ. ಬೆಳಿಗ್ಗೆ ಒಂದೊಂದೇ ಎತ್ತಿ ಮೂಸಿ ನೋಡಿ. ಕಳ್ಳ ಸಿಕ್ಕಿಬೀಳುತ್ತಾನೆ.

ಇನ್ನೊಂದು ಮಾತು. ಸಿಂಕಿನ ಕೆಳಗೆ ಬಗ್ಗಿ ನೋಡಿ. ಬಹಳ ಮನೆಗಳಲ್ಲಿ ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಪೈಪನ್ನು ನೇರ ಗೋಡೆಯ ಇಲ್ಲವೇ ನೆಲದ ತೂತಿಗೆ ತುರುಕಿರುತ್ತಾರೆ. ಬಾಗು ಇರುವುದಿಲ್ಲ, ಸುತ್ತ ಸಂದಿ ಬೇರೆ. ಬಾಗು ಇಲ್ಲದಿದ್ದರೆ ನೀರು ನಿಲ್ಲುವುದಿಲ್ಲ, ನೀರು ನಿಲ್ಲದಿದ್ದರೆ ವಾಸನೆ ನಿಲ್ಲುವುದಿಲ್ಲ. ಪೈಪನ್ನು ಒಂದು ಸುತ್ತು ಬಾಗಿಸಿ, ಆ ಬಾಗು ಜಾರದ ಹಾಗೆ ತಂತಿಯಲ್ಲಿ ಕಟ್ಟಿ. ಸುತ್ತಲಿನ ಸಂದಿಗೆ ಬಿಳಿ ಸಿಮೆಂಟ್ ಮೆತ್ತಿ. ಐವತ್ತು ರೂಪಾಯಿ ಕೆಲಸ. ವಾಷಿಂಗ್ ಮೆಷಿನ್ ನೀರು ಹೋಗುವ ಪೈಪಿಗೂ ಇದೇ ಮಾತು.

ಆಸ್ಪತ್ರೆ ಅಕ್ಕ

ಬಚ್ಚಲು ತೊಳೆಯುವಾಗ ಒಂದು ಎಚ್ಚರ ಎಲ್ಲರಿಗೂ ಹೇಳಬೇಕು. ಬ್ಲೀಚಿಂಗ್ ಪೌಡರ್ ಮತ್ತು ಟಾಯ್ಲೆಟ್ ತೊಳೆಯುವ ಆಸಿಡ್ ಎರಡನ್ನೂ ಒಟ್ಟಿಗೆ ಹಾಕಬೇಡಿ. ಒಂದು ಹಾಕಿದ ಮೇಲೆ ಪೂರ್ತಿ ತೊಳೆಯದೆ ಇನ್ನೊಂದು ಹಾಕುವುದೂ ಬೇಡ. ಕ್ಲೋರಿನ್ ಅನಿಲ ಹೊರಡುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದನ್ನು ಎಳೆದುಕೊಂಡರೆ ಆರೋಗ್ಯವಾಗಿರುವವರ ಶ್ವಾಸಕೋಶಕ್ಕೂ ಪೆಟ್ಟು. ಎರಡೂ ಒಳ್ಳೆಯ ವಸ್ತು, ಸೇರಿದರೆ ಜಾಸ್ತಿ ಸ್ವಚ್ಛ ಅಂದುಕೊಂಡು ಮಾಡುವವರನ್ನು ನೋಡಿದ್ದೇನೆ. ದಯವಿಟ್ಟು ಮಾಡಬೇಡಿ.

ವಿದ್ಯಾನಗರ ಗೃಹಿಣಿ

ನಾನಂತೂ ಶುಕ್ರವಾರ ಸಾಂಬ್ರಾಣಿ ಹಾಕದೆ ಇರುವುದಿಲ್ಲ. ಇದ್ದಿಲ ಕೆಂಡದ ಮೇಲೆ ಒಂದು ಚಿಟಿಕೆ ಉದುರಿಸಿ ಮೂಲೆಮೂಲೆಗೂ ತೋರಿಸಿದರೆ ಮನೆಗೆ ಒಂದು ಕಳೆ ಬರುತ್ತದೆ. ನಮ್ಮ ಅಮ್ಮ ಮಾಡಿದರು, ಅಜ್ಜಿ ಮಾಡಿದರು. ಬಾಣಂತಿಗೂ ಕೂಸಿಗೂ ಧೂಪ ಹಿಡಿದೇ ಬೆಳೆಸಿದ್ದು. ಈಗ ಎಲ್ಲದಕ್ಕೂ ಹೊಗೆ ಕೆಟ್ಟದು ಅನ್ನುವುದು ಕೇಳಿದರೆ ನೋವಾಗುತ್ತದೆ.

ಆಸ್ಪತ್ರೆ ಅಕ್ಕ

ನಿಮ್ಮ ನೋವು ನನಗೆ ಅರ್ಥವಾಗುತ್ತದೆ, ನಮ್ಮ ಮನೆಯಲ್ಲೂ ಧೂಪದ ಬಟ್ಟಲು ಇದೆ. ಆದರೆ ಊದಿನಕಡ್ಡಿ, ಧೂಪ, ಸೊಳ್ಳೆ ಬತ್ತಿ, ಯಾವುದರ ಹೊಗೆಯಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿರುತ್ತವೆ. ದೇವರ ಮನೆಯದು ಅಂತ ಶ್ವಾಸಕೋಶಕ್ಕೆ ಗೊತ್ತಾಗುವುದಿಲ್ಲ. ಇದ್ದಿಲ ಕೆಂಡವನ್ನು ಮುಚ್ಚಿದ ರೂಮಿನಲ್ಲಿ ಇಡುವುದು ಇನ್ನೂ ಅಪಾಯ. ಕಾರ್ಬನ್ ಮೊನಾಕ್ಸೈಡ್ ಹೊರಡುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ತಲೆನೋವು, ಮಂಪರು ಬಂದಾಗಲೂ ಜನ ಕೆಂಡದ ಮೇಲೆ ಅನುಮಾನ ಪಡುವುದಿಲ್ಲ. ಬಾಣಂತಿ ಕೋಣೆಯ ಕಿಟಕಿಗೆಲ್ಲ ಬಟ್ಟೆ ತುರುಕಿ ಒಳಗೆ ಕೆಂಡ ಇಡುವುದನ್ನು ನಾನು ಬೇಡಿಕೊಂಡು ನಿಲ್ಲಿಸಿದ್ದೇನೆ.

ಕೋಟೆ ಕೆಳಗಿನ ಮನೆ

ಇಬ್ಬರು ಹೆಣ್ಣುಮಕ್ಕಳೂ ಸರಿಯಾಗೇ ಹೇಳುತ್ತಿದ್ದೀರಿ ತಾಯಿ. ನಾನು ಚಿತ್ರದುರ್ಗದವಳು, ಅರವತ್ತೆಂಟು ವರ್ಷ. ಮೊಮ್ಮಗ ಟೈಪ್ ಮಾಡಿಕೊಡುತ್ತಿದ್ದಾನೆ.

ನಾನು ಹುಟ್ಟಿದ್ದು ಮಣ್ಣಿನ ಮಾಳಿಗೆ ಮನೆಯಲ್ಲಿ. ದಪ್ಪ ಗೋಡೆ, ಸಣ್ಣ ಕಿಟಕಿ. ಆದರೆ ಅಡುಗೆ ಮನೆಗೂ ಪಡಸಾಲೆಗೂ ಮೇಲೆ ಗವಾಕ್ಷಿ ಇರುತ್ತಿತ್ತು. ಬೆಳಕು ಬರುವುದಕ್ಕೆ ಅದೇ, ಹೊಗೆ ಹೋಗುವುದಕ್ಕೂ ಅದೇ. ನಮ್ಮವ್ವ ಧೂಪ ಹಾಕುವ ಮೊದಲು ಉದ್ದ ಕೋಲಿನಿಂದ ಗವಾಕ್ಷಿ ಮುಚ್ಚಳ ಸರಿಸುತ್ತಿದ್ದಳು. ಧೂಪ ಕೋಣೆಯಲ್ಲಿ ಸುತ್ತಿ ಮೇಲೆ ಹೋಗುತ್ತಿತ್ತು. ಹೊಗೆ ಹೋದ ಮೇಲೆ ಕಂಬಕ್ಕೆ, ಜಂತೆಗೆ, ಕೌದಿಗೆ ಹಿಡಿದ ಪರಿಮಳ ಮಾತ್ರ ಉಳಿಯುತ್ತಿತ್ತು. ಈಗಿನ ಆರ್‌ಸಿಸಿ ಮನೆಗೆ ಗವಾಕ್ಷಿ ಇಲ್ಲ. ಕಿಟಕಿಗೆ ಸೊಳ್ಳೆ ಜಾಲರಿ, ಅದರ ಮೇಲೆ ಪರದೆ, ಸಂಜೆ ಐದಕ್ಕೇ ಬಾಗಿಲು ಬಂದ್. ಅದೇ ಧೂಪ ಇಲ್ಲಿ ಹಾಕಿದರೆ ಹೊಗೆಗೆ ಹೋಗಲು ದಾರಿಯೇ ಇಲ್ಲ. ಧೂಪ ಬದಲಾಗಲಿಲ್ಲ, ಮನೆ ಬದಲಾಯಿತು.

ಹಾಕಲೇಬೇಕು ಅನ್ನಿಸಿದರೆ ಎದುರು ಬದುರು ಎರಡು ಕಿಟಕಿ ತೆಗೆದಿಟ್ಟು, ದಮ್ಮಿನವರು ಮನೆಯಲ್ಲಿ ಇಲ್ಲದ ಹೊತ್ತು ನೋಡಿ ಹಾಕಿ. ಒಳ್ಳೆ ಪದಾರ್ಥ ತನ್ನಿ. ನಿಜವಾದ ಸಾಂಬ್ರಾಣಿ ಸುಮಾತ್ರಾ, ಲಾವೋಸ್ ಕಡೆಯ ಮರದ ಅಂಟು ಅಂತ ಮೊಮ್ಮಗ ಓದಿ ಹೇಳಿದ. ನಮ್ಮ ಪಶ್ಚಿಮ ಘಟ್ಟದಲ್ಲೂ ಹಾಲ್ಮಡ್ಡಿ ಅನ್ನುವ ಮರದ ಅಂಟು ಸಿಗುತ್ತದೆ. ಅದರ ವಾಸನೆ ಮೃದು, ಮೂಗಿಗೆ ಚುಚ್ಚುವುದಿಲ್ಲ. ಹಳೆ ಕಾಲದ ಮಸಾಲೆ ಊದಿನಕಡ್ಡಿಗೆ ಹಾಲ್ಮಡ್ಡಿಯೇ ಜೀವ. ಈಗ ಸಿಗುವ ಎಷ್ಟೋ ಕಡ್ಡಿ ಇದ್ದಿಲ ಪುಡಿಯ ಕಪ್ಪು ಕಡ್ಡಿಯನ್ನು ಸೆಂಟಿನಲ್ಲಿ ಅದ್ದಿದ್ದು. ಕೊಳ್ಳುವಾಗ ಮೂಸಿ ನೋಡಿ ತಾಯಿ.

ವಿದ್ಯಾನಗರ ಗೃಹಿಣಿ

ಅಮ್ಮಾ, ನೀವು ಹೇಳಿದ್ದು ಮನಸ್ಸಿಗೆ ಬಂತು. ಈ ಶುಕ್ರವಾರದಿಂದ ಕಿಟಕಿ ತೆಗೆದೇ ಹಾಕುತ್ತೇನೆ. ನಮ್ಮ ಮಗನಿಗೂ ಚಳಿಗಾಲದಲ್ಲಿ ಕೆಮ್ಮು ಬರುತ್ತದೆ, ನಾನು ಇದನ್ನು ಯೋಚಿಸಿಯೇ ಇರಲಿಲ್ಲ.

ನಿಟ್ಟುವಳ್ಳಿ ಮನೆ (ಗುರುವಾರ)

ನಲ್ಲಿ ಕೆಲಸದ ಅಣ್ಣಾ, ನಿಮಗೆ ಕೈಮುಗಿಯಬೇಕು. ಹಿಂದಿನ ಬಚ್ಚಲ ಜಾಲರಿ ಎತ್ತಿದರೆ ಒಳಗೆ ಒಣಗಿ ಬಿರುಕು ಬಿಟ್ಟ ಕೆಸರು. ಒಂದು ಹನಿ ನೀರಿರಲಿಲ್ಲ. ತೊಳೆದು ನೀರು ತುಂಬಿಸಿ ಎಣ್ಣೆ ಬಿಟ್ಟೆ. ಮರುದಿನ ಬೆಳಿಗ್ಗೆ ಬಾಗಿಲು ತೆಗೆದಾಗಲೇ ಅರ್ಧ ವಾಸನೆ ಕಮ್ಮಿ. ಸಿಂಕಿನ ಪೈಪೂ ನೀವು ಹೇಳಿದ ಹಾಗೆ ನೇರವಾಗೇ ಇತ್ತು, ಬಾಗಿಸಿ ಕಟ್ಟಿದೆವು.

ಆಸ್ಪತ್ರೆ ಅಕ್ಕ ಹೇಳಿದ ಹಾಗೆ ಇಬ್ಬರೂ ಹೊರಗೆ ಹೋಗಿ ಬಂದೆವು. ಈ ಸಲ ಯಜಮಾನರೇ ಮಲಗುವ ರೂಮಿನ ಬಾಗಿಲಲ್ಲಿ ನಿಂತು "ಇಲ್ಲಿ ಏನೋ ಇದೆ" ಅಂದರು! ಮುಗ್ಗಲು. ಬೀರು ಇರುವ ಮೂಲೆಯಲ್ಲಿ ಜಾಸ್ತಿ. ಅಡುಗೆ ಮನೆಯಲ್ಲಿ ಬೇರೆ ಥರ, ಕಮಟು ವಾಸನೆ.

ಗಾರೆ ಕೆಲಸ ಹರಿಹರ

ಬೀರು ಗೋಡೆಗೆ ಅಂಟಿಸಿ ಇಟ್ಟಿದ್ದೀರಾ? ನಾಲ್ಕು ಬೆರಳು ಜಾಗ ಬಿಟ್ಟು ಮುಂದಕ್ಕೆ ಎಳೆದು ಹಿಂದೆ ನೋಡಿ. ಕಪ್ಪು ಚುಕ್ಕೆ ಚುಕ್ಕೆ ಇದ್ದರೆ ಬೂಷ್ಟು. ಪೇಂಟ್ ಉಬ್ಬಿ, ಬಿಳಿ ಉಪ್ಪಿನ ಹಾಗೆ ಪುಡಿ ಉದುರುತ್ತಿದ್ದರೆ ಗೋಡೆ ನೀರು ಕುಡಿಯುತ್ತಿದೆ ಅಂತ ಅರ್ಥ.

ತೇವ ಎಲ್ಲಿಂದ ಅಂತ ತಿಳಿಯಲು ಒಂದು ಉಪಾಯ. ಚಪಾತಿ ಸುತ್ತುವ ಬೆಳ್ಳಿ ಹಾಳೆ ಒಂದು ತುಂಡನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ. ಒಂದು ದಿನ ಬಿಟ್ಟು ನೋಡಿ. ಹಾಳೆಯ ಮೇಲೆ, ಅಂದರೆ ನಿಮ್ಮ ಕಡೆ ತೇವ ಇದ್ದರೆ ಅದು ರೂಮಿನ ಗಾಳಿಯದು, ಕಿಟಕಿ ತೆಗೆದರೆ ಸರಿಹೋಗುತ್ತದೆ. ಹಾಳೆಯ ಹಿಂದೆ, ಗೋಡೆ ಕಡೆ ತೇವ ಇದ್ದರೆ ಹೊರಗಿನಿಂದ ಬರುತ್ತಿದೆ. ಹೊರಗೆ ಹೋಗಿ ಆ ಗೋಡೆ ಹಿಂದೆ ಏನಿದೆ ನೋಡಬೇಕು.

ನಿಟ್ಟುವಳ್ಳಿ ಮನೆ

ಬೀರು ಎಳೆದೆವು. ಕಪ್ಪು ಚುಕ್ಕೆಗಳು ಮೊಣಕಾಲೆತ್ತರದವರೆಗೆ. ಬೆಳ್ಳಿ ಹಾಳೆ ಹಿಂದೆ ತೇವ. ಹೊರಗೆ ಹೋಗಿ ನೋಡಿದರೆ ಅದೇ ಗೋಡೆಗೆ ಒತ್ತಿ ಮೇಲಿನ ಮನೆಯವರ ಬಟ್ಟೆ ಒಗೆಯುವ ಕಲ್ಲು! ದಿನಾ ಎರಡು ಗಂಟೆ ನೀರು ಗೋಡೆಗೆ ಸಿಡಿಯುತ್ತದೆ. ಮನೆ ಓನರ್‌ಗೆ ಹೇಳಿದ್ದೇವೆ.

ಗಾರೆ ಕೆಲಸ ಹರಿಹರ

ಕಾರಣ ಸಿಕ್ಕಿತಲ್ಲ, ಇನ್ನು ಗೆದ್ದ ಹಾಗೆ. ಕಲ್ಲನ್ನು ಗೋಡೆಯಿಂದ ದೂರ ಇಡಿಸಿ, ಇಲ್ಲವೇ ಹೊರಗೋಡೆಯ ಬುಡಕ್ಕೆ ವಾಟರ್‌ಪ್ರೂಫ್ ಗಾರೆ ಮಾಡಿಸಿ ಇಳಿಜಾರು ಕೊಡಿಸಿ. ಇದು ಓನರ್ ಖರ್ಚು.

ಒಳಗೆ ನೀವು ಮಾಡಬಹುದಾದದ್ದು: ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕಿಟಕಿ ತೆಗೆದು, ಸೋಪಿನ ನೀರಲ್ಲಿ ಬ್ರಷ್ ಹಾಕಿ ತಿಕ್ಕಿ. ಒಣ ಪೊರಕೆಯಲ್ಲಿ ಮಾತ್ರ ಕೆರೆಯಬೇಡಿ, ಬೂಷ್ಟಿನ ಪುಡಿ ಮನೆಯೆಲ್ಲ ಹಾರುತ್ತದೆ. ಒಂದೆರಡು ದಿನ ಟೇಬಲ್ ಫ್ಯಾನ್ ತಿರುಗಿಸಿ ಒಣಗಿಸಿ. ಹಸಿ ಗೋಡೆಗೆ ಪ್ಲಾಸ್ಟಿಕ್ ಪೇಂಟ್ ಬಳಿದು ಮುಚ್ಚಿದರೆ ಆರು ತಿಂಗಳಿಗೆ ಮತ್ತೆ ಉಬ್ಬುತ್ತದೆ. ಹಳಬರು ವರ್ಷಕ್ಕೊಮ್ಮೆ ಸುಣ್ಣ ಬಳಿಯುತ್ತಿದ್ದರು ಅಲ್ವಾ? ಚಂದಕ್ಕೆ ಮಾತ್ರ ಅಲ್ಲ. ಸುಣ್ಣದ ಕ್ಷಾರಕ್ಕೆ ಬೂಷ್ಟು ಬೆಳೆಯಲಾರದು, ಗೋಡೆಯೂ ಉಸಿರಾಡುತ್ತದೆ.

ಚಳ್ಳಕೆರೆ ಶೇಂಗಾ

ಕಮಟು ವಾಸನೆ ಅಂದಿರಲ್ಲ, ಅದಕ್ಕೆ ನಾನು ಹೇಳುತ್ತೇನೆ. ಎಣ್ಣೆ ಊರಲ್ಲೇ ಹುಟ್ಟಿ ಬೆಳೆದವಳು. ಗಾಣದಿಂದ ಆಗಷ್ಟೇ ಬಂದ ಶೇಂಗಾ ಎಣ್ಣೆಯ ಘಮ ಕೇಳಿದರೆ ಬರೀ ಅನ್ನಕ್ಕೆ ಕಲಸಿ ತಿನ್ನಬೇಕು ಅನಿಸುತ್ತದೆ. ಅದೇ ಎಣ್ಣೆ ಗೋಡೆ ಮೇಲೆ ಕೂತು ಗಾಳಿ ತಾಗಿದರೆ ಕಮಟು. ವಾರಕ್ಕೆ ಎಷ್ಟು ಸಲ ಕರಿಯುತ್ತೀರಿ?

ನಿಟ್ಟುವಳ್ಳಿ ಮನೆ

ಎರಡು ಮೂರು ಸಲ. ನಮ್ಮ ಮನೆಯಲ್ಲಿ ಸಂಜೆ ಮಂಡಕ್ಕಿ ಇದ್ದರೆ ಜೊತೆಗೆ ಮಿರ್ಚಿ ಇರಲೇಬೇಕು.

ಚಳ್ಳಕೆರೆ ಶೇಂಗಾ

ದಾವಣಗೆರೆಯಲ್ಲಿದ್ದು ಮಿರ್ಚಿ ಬಿಡಿ ಅಂತ ನಾನು ಹೇಳುವುದಿಲ್ಲ. ಕರಿಯುವಾಗ ಎಣ್ಣೆ ಸಣ್ಣ ಸಣ್ಣ ಹನಿಯಾಗಿ ಹಾರಿ ಟೈಲ್ಸ್, ಫ್ಯಾನಿನ ರೆಕ್ಕೆ, ಡಬ್ಬಿಗಳ ಮುಚ್ಚಳ, ಕಿಟಕಿ ಪರದೆ ಎಲ್ಲದರ ಮೇಲೂ ಕೂರುತ್ತದೆ. ಎಲ್ಲಕ್ಕಿಂತ ಜಾಸ್ತಿ ಹೀರುವುದು ಪರದೆ. ಅಡುಗೆ ಮನೆಗೆ ಬಟ್ಟೆ ಪರದೆಯೇ ಬೇಡ. ಟೈಲ್ಸಿಗೆ ಬಿಸಿನೀರಲ್ಲಿ ಅಡುಗೆ ಸೋಡಾ ಕಲಸಿ ಒರೆಸಿ. ಅಂಟು ಜಾಸ್ತಿ ಇದ್ದರೆ ಸೀಗೆಪುಡಿ ಅಥವಾ ಅಂಟುವಾಳದ ನೀರು. ನಮ್ಮವ್ವ ಎಣ್ಣೆ ಡಬ್ಬಿ ತೊಳೆಯುತ್ತಿದ್ದುದು ಸೀಗೆಪುಡಿ, ಒಲೆ ಬೂದಿಯಲ್ಲೇ. ಕರಿದ ಎಣ್ಣೆಯನ್ನು ತೆರೆದ ಬಾಣಲೆಯಲ್ಲಿ ರಾತ್ರಿಯಿಡೀ ಒಲೆ ಮೇಲೆ ಬಿಡಬೇಡಿ. ಎಕ್ಸಾಸ್ಟ್ ಫ್ಯಾನನ್ನು ಎಣ್ಣೆ ಕಾಯುವ ಮೊದಲೇ ಹಾಕಿ, ಒಲೆ ಆರಿಸಿದ ಮೇಲೂ ಹತ್ತು ನಿಮಿಷ ಓಡಲಿ.

ತುಂಗಭದ್ರೆ ದಂಡೆ

ಹೊಳೆ ಮೀನು ಮಾಡುವ ಮನೆ ನಮ್ಮದು. ಮೀನಿನ ವಾಸನೆ ಕೈಯಿಂದ, ಪಾತ್ರೆಯಿಂದ ಹೋಗದಿದ್ದರೆ ನಿಂಬೆಹಣ್ಣು ಅಥವಾ ಹುಣಸೆಹುಳಿ ತಿಕ್ಕಿ. ಆ ವಾಸನೆ ಕ್ಷಾರದ ಗುಣದ್ದು, ಹುಳಿ ಬಿದ್ದರೆ ಅಡಗುತ್ತದೆ. ಫ್ರಿಜ್ಜಿಗೆ ಒಂದು ಬಟ್ಟಲು ಅಡುಗೆ ಸೋಡಾ ತೆರೆದಿಡಿ.

ನಿಟ್ಟುವಳ್ಳಿ ಮನೆ (ಭಾನುವಾರ)

ಪರದೆ ತೆಗೆದು ಒಗೆದೆವು, ನೀರು ಕಂದು ಬಣ್ಣಕ್ಕೆ ತಿರುಗಿತು. ಟೈಲ್ಸ್ ಒರೆಸಿದೆ. ಇವತ್ತು ಬಿಸಿಲು ಬಿತ್ತು, ಹತ್ತಿ ಗಾದಿ, ದಿಂಬು, ಕೌದಿ ಎಲ್ಲ ಮಹಡಿ ಮೇಲೆ ಹಾಕಿದ್ದೇನೆ. ಓನರ್ ಕಲ್ಲನ್ನು ಆಚೆಗೆ ಇಡಿಸಿದರು. ಈಗ ಮನೆಯಲ್ಲಿ ಯಾವ ವಾಸನೆಯೂ ಇಲ್ಲ. ಅದೇ ಎಷ್ಟು ಹಾಯಾಗಿದೆ ಅಂದರೆ ಹೇಳಲು ಆಗುತ್ತಿಲ್ಲ. ಇನ್ನು ಪರಿಮಳದ ಮಾತು ಹೇಳಿ. ಹೊಗೆ ಇಲ್ಲದ್ದು, ಮೂಗಿಗೆ ಹೊಡೆಯದ್ದು.

ಹೂವಿನ ಬುಟ್ಟಿ

ಈ ಪ್ರಶ್ನೆಗೇ ಕಾಯುತ್ತಿದ್ದೆ! ನಮ್ಮ ಮನೆಯಲ್ಲಿ ಮೂರು ತಲೆಮಾರು ಹೂವಿನ ವ್ಯಾಪಾರ.

ಸುಗಂಧರಾಜ ಎರಡು ಕಡ್ಡಿ ತಂದು ಸಂಜೆ ಹಾಲ್‌ನಲ್ಲಿ ನೀರಿನ ಬಾಟಲಿಯಲ್ಲಿ ಇಡಿ. ಅದರ ಪರಿಮಳ ಕತ್ತಲಾದ ಮೇಲೆ ಏರುತ್ತದೆ. ಆದರೆ ಅತ್ತೆ ಮಲಗುವ ರೂಮಿಗೆ ಬೇಡ, ಅದು ಗಾಢ. ಅಲ್ಲಿಗೆ ಮರುಗ ಒಂದು ಹಿಡಿ ಸಾಕು. ಮರುಗಕ್ಕೆ ಒಂದು ತಂಪು ವಾಸನೆ ಇದೆ, ಬಾಡಿದರೂ ಹೋಗುವುದಿಲ್ಲ. ದವನ ಸಿಕ್ಕರೆ ಇನ್ನೂ ಒಳ್ಳೆಯದು. ಚೈತ್ರದ ಹುಣ್ಣಿಮೆಗೆ ದವನದ ಹುಣ್ಣಿಮೆ ಅಂತಲೇ ಹೆಸರು, ಆ ಕಾಲದಲ್ಲಿ ಕಂತೆ ಕಂತೆ ತಂದು ನೆರಳಲ್ಲಿ ಒಣಗಿಸಿ ಬಟ್ಟೆ ಚೀಲದಲ್ಲಿ ಕಟ್ಟಿಟ್ಟರೆ ವರ್ಷವಿಡೀ ಘಮ. (ನಮ್ಮ ದಾವಣಗೆರೆಯ ಹೆಸರು ದವನದಿಂದ ಬಂತಾ ಅಂತ ಗಿರಾಕಿಗಳು ಕೇಳುತ್ತಾರೆ. ಕುದುರೆ ಕಟ್ಟುವ ದಾವಣಿಯಿಂದ ಬಂತು ಅಂತಲೇ ನಾನು ಕೇಳಿದ್ದು.)

ಮಲ್ಲಿಗೆಯಲ್ಲಿ ಹಡಗಲಿ ಮಲ್ಲಿಗೆಗೆ ಸಮ ಇಲ್ಲ ಅನ್ನುವುದು ನನ್ನ ಮಾತು. ಮೈಸೂರು, ಉಡುಪಿ ಮಲ್ಲಿಗೆಯ ಹಾಗೆ ಅದಕ್ಕೂ ಭೌಗೋಳಿಕ ಗುರುತು ಸಿಕ್ಕಿದೆ. ಬೇಸಿಗೆ ಅದರ ಕಾಲ, ಈಗ ಹಬ್ಬಕ್ಕೆ ರೇಟು ಜಾಸ್ತಿ. ಒಂದು ಮೊಳ ತಂದು ತಟ್ಟೆ ನೀರಲ್ಲಿ ಬಿಡಿಹೂವಾಗಿ ತೇಲಿಬಿಡಿ. ದಿನಾ ನೀರು ಬದಲಾಯಿಸಿ. ದೇವರ ಹೂವು ಕೊಳೆತು ವಾಸನೆ ಹಿಡಿಯುವುದೂ ಉಂಟು, ಬೆಳಿಗ್ಗೆಯದನ್ನು ಮರುದಿನಕ್ಕೆ ಇಡಬೇಡಿ.

ಬಾಗಿಲ ಹತ್ತಿರ ಮಣ್ಣು ಸಿಗುವುದಾದರೆ ಪಾರಿಜಾತ ಒಂದು ಗಿಡ ಹಾಕಿ. ರಾತ್ರಿ ಅರಳಿ ಬೆಳಗಿನ ಜಾವ ಉದುರುತ್ತದೆ. ಬೆಳಿಗ್ಗೆ ಹಾಲು ತರಲು ಬಾಗಿಲು ತೆಗೆದವರಿಗೆ ಮೊದಲು ಸಿಗುವುದು ಅದರ ವಾಸನೆ.

ಮೊಳಕಾಲ್ಮೂರು ರೇಷ್ಮೆ

ಬೀರು ವಾಸನೆಗೆ ಹೇಳುತ್ತೇನೆ. ನುಸಿಗುಳಿಗೆ ಹಾಕಬೇಡಿ. ನಮ್ಮ ಕಡೆ ಸೀರೆ ನೇಯುವವರು ರೇಷ್ಮೆಯನ್ನು ತೆಳು ಹತ್ತಿ ಬಟ್ಟೆಯಲ್ಲಿ ಸುತ್ತಿ ಇಡುತ್ತಾರೆ, ಮೂರು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಿಸಿ ನೆರಳಲ್ಲಿ ಗಾಳಿಗೆ ಹಾಕುತ್ತಾರೆ. ಪರಿಮಳಕ್ಕೆ ನಮ್ಮಮ್ಮನ ಕ್ರಮ: ಮೈಸೂರು ಸ್ಯಾಂಡಲ್ ಸೋಪಿನ ಪೊಟ್ಟಣ ಬಿಚ್ಚಿ, ಹಳೆ ಕಾಟನ್ ಕರ್ಚೀಫಿನಲ್ಲಿ ಕಟ್ಟಿ ಮೂಲೆಗೆ ಇಡುವುದು. ಸೀರೆಗೆ, ಜರಿಗೆ ತಾಗಬಾರದು. ಮೂರ್ನಾಲ್ಕು ತಿಂಗಳಾದ ಮೇಲೆ ಆ ಸೋಪು ಸ್ನಾನಕ್ಕೆ, ಬೀರುವಿಗೆ ಹೊಸದು. ಸರ್ಕಾರಿ ಸೋಪಿನ ಕಾರ್ಖಾನೆ ಶುರುವಾಗಿ ನೂರು ವರ್ಷ ದಾಟಿದೆ, ಅಂದರೆ ನಮ್ಮಜ್ಜಿಯ ಟ್ರಂಕಿಗೂ ಅದೇ ವಾಸನೆ, ನನ್ನ ಬೀರುವಿಗೂ ಅದೇ. ಸೀರೆ ಬಿಚ್ಚಿದಾಗ ಅಜ್ಜಿ ಪಕ್ಕದಲ್ಲಿ ಕೂತ ಹಾಗಾಗುತ್ತದೆ.

ಆಸ್ಪತ್ರೆ ಅಕ್ಕ

ನುಸಿಗುಳಿಗೆ ಬೇಡ ಅಂದಿದ್ದು ಬಹಳ ಒಳ್ಳೆಯದಾಯಿತು. ಅದು ನ್ಯಾಫ್ತಲೀನ್. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುತ್ತದೆ. ಅಂಥ ಕೂಸಿಗೆ ಗುಳಿಗೆ ಹಾಕಿಟ್ಟ ಬಟ್ಟೆ, ಕಂಬಳಿ ಹೊದಿಸಿದರೂ ರಕ್ತಕಣ ಒಡೆದು ಕಾಮಾಲೆ ಆಗಬಹುದು. ಕರ್ಪೂರವನ್ನೂ ಬಟ್ಟಲಲ್ಲಿ ತೆರೆದಿಡುವವರು ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಸಕ್ಕರೆ ಅಂತ ತಿಂದರೆ ಸ್ವಲ್ಪವೇ ಆದರೂ ಫಿಟ್ಸ್ ಬರಬಹುದು.

ಗ್ರಂಥಿಗೆ ಅಂಗಡಿ

ನಿಟ್ಟುವಳ್ಳಿ ಅಮ್ಮಾರೆ, ನಿಮಗೆ ಬೇಕಾದ್ದು ಲಾವಂಚ. ಗ್ರಂಥಿಗೆ ಅಂಗಡಿಯಲ್ಲಿ ಬೇರಿನ ಕಟ್ಟು ಕೇಳಿ. ತೊಳೆದು, ಒಂದು ಹಿಡಿ ಬೇರನ್ನು ದಾರದಲ್ಲಿ ಕಟ್ಟಿ ಕಿಟಕಿ ಸರಳಿಗೆ ತೂಗುಹಾಕಿ, ದಿನಕ್ಕೆ ಎರಡು ಸಲ ನೀರು ಚಿಮುಕಿಸಿ. ಗಾಳಿ ಬೀಸಿದಾಗ ಮಾತ್ರ ಪರಿಮಳ ಬರುತ್ತದೆ, ಉಳಿದ ಹೊತ್ತು ಸುಮ್ಮನಿರುತ್ತದೆ. ಕುಡಿಯುವ ನೀರಿನ ಮಡಕೆಗೆ ನಾಲ್ಕು ಬೇರು ಬೇರೆ ಹಾಕಿ. ವಾರಕ್ಕೊಮ್ಮೆ ಬಿಸಿಲಿಗೆ ಒಣಗಿಸದಿದ್ದರೆ ಬೇರಿಗೇ ಮುಗ್ಗಲು ಹಿಡಿಯುತ್ತದೆ, ಮರೆಯಬೇಡಿ.

ಅಡುಗೆ ಮನೆಗೆ: ಪಾಯಸಕ್ಕೆ ಬಿಡಿಸಿದ ಏಲಕ್ಕಿಯ ಸಿಪ್ಪೆ, ಒಂದು ತುಂಡು ಚಕ್ಕೆ, ಎರಡು ಲವಂಗ, ಹಿಂಡಿದ ನಿಂಬೆ ಸಿಪ್ಪೆ, ನೀರಲ್ಲಿ ಸಣ್ಣ ಉರಿಗೆ ಹದಿನೈದು ನಿಮಿಷ ಕುದಿಸಿ. ನೀರು ಆರಿ ತಳ ಹಿಡಿಯದಂತೆ ಅಲ್ಲೇ ಇರಿ. ಮಿರ್ಚಿ ಕರಿದ ಮೇಲೆ ಇದು ಮಾಡಿ ನೋಡಿ.

ಜೋಗಿಮಟ್ಟಿ ಗಾಳಿ

ಇಷ್ಟು ಹೊತ್ತು ಓದುತ್ತಾ ಇದ್ದೆ. ನನಗೆ ಅತಿ ಪ್ರಿಯವಾದ ವಾಸನೆಯನ್ನು ಯಾರೂ ಹೇಳಲಿಲ್ಲ, ಮೊದಲ ಮಳೆಯ ಮಣ್ಣಿನದು. ದುರ್ಗದ ಬಂಡೆಗಳು ಬೇಸಿಗೆಯೆಲ್ಲ ಕಾದು, ಮೊದಲ ಹನಿ ಬಿದ್ದಾಗ ಚಂದ್ರವಳ್ಳಿ ಕಡೆಯಿಂದ ಬರುವ ವಾಸನೆಗೆ ನಾನು ಕೆಲಸ ಬಿಟ್ಟು ಹೊರಗೆ ನಿಲ್ಲುತ್ತೇನೆ. 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಇದಕ್ಕೆ ಪೆಟ್ರಿಕೋರ್ ಅಂತ ಹೆಸರಿಟ್ಟರು. ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು ಮಾಡುವ ಜಿಯೋಸ್ಮಿನ್ ಅನ್ನುವ ವಸ್ತು ಅದರಲ್ಲಿ ಮುಖ್ಯ. ನಮ್ಮ ಮೂಗು ಅದನ್ನು ಅತಿ ಸಣ್ಣ ಪ್ರಮಾಣದಲ್ಲೂ ಹಿಡಿಯುತ್ತದೆ. ಆದರೆ ಉತ್ತರ ಪ್ರದೇಶದ ಕನ್ನೌಜ್‌ನವರು ಸುಟ್ಟ ಮಣ್ಣಿನ ಬಿಲ್ಲೆಗಳನ್ನು ಬಟ್ಟಿ ಇಳಿಸಿ ಗಂಧದೆಣ್ಣೆಯಲ್ಲಿ ಆ ವಾಸನೆ ಹಿಡಿಯುವ ಕೆಲಸವನ್ನು ಆ ಹೆಸರು ಹುಟ್ಟುವ ಮೊದಲಿನಿಂದ ಮಾಡುತ್ತಿದ್ದಾರೆ.

ನಾನು ಮನೆಯಲ್ಲಿ ಮಾಡುವುದು ಸರಳ. ಕುಂಬಾರರಿಂದ ಬಣ್ಣ ಹಚ್ಚದ ಹೊಸ ಮಡಕೆ ಚೂರು, ಹಣತೆಗಳನ್ನು ತಂದು ಅಗಲ ತಟ್ಟೆಯಲ್ಲಿ ಹರಡಿ ಬಿಸಿಲಲ್ಲಿ ಕಾಯಿಸುತ್ತೇನೆ. ಸಂಜೆ ಒಳಗೆ ತಂದು ನೀರು ಚಿಮುಕಿಸಿದರೆ ಸ್ವಲ್ಪ ಹೊತ್ತು ಮಳೆ ಬಂದ ಹಾಗೆ. ಹೆಚ್ಚು ಹೊತ್ತು ಉಳಿಯುವುದಿಲ್ಲ. ನನಗೆ ಅಷ್ಟೇ ಸಾಕು.

ನಿಟ್ಟುವಳ್ಳಿ ಮನೆ (ಹಬ್ಬದ ಮರುದಿನ)

ತಡವಾಗಿ ಬರೆಯುತ್ತಿದ್ದೇನೆ, ಹಬ್ಬದ ಗಡಿಬಿಡಿ. ಅತ್ತೆ ಮೊನ್ನೆ ಬಂದರು. ಬೆಳಿಗ್ಗೆಯೇ ಎಲ್ಲ ಕಿಟಕಿ ತೆಗೆದಿಟ್ಟಿದ್ದೆ. ಲಾವಂಚಕ್ಕೆ ನೀರು ಚಿಮುಕಿಸಿದ್ದೆ, ಅವರ ರೂಮಿನಲ್ಲಿ ಬಟ್ಟಲಲ್ಲಿ ಮರುಗ. ಬೇರೆ ಏನೂ ಇಲ್ಲ. ಊದಿನಕಡ್ಡಿಯನ್ನು ಅಂಗಳದ ತುಳಸಿ ಹತ್ತಿರ ಹಚ್ಚಿದೆ.

ಅತ್ತೆ ಚಪ್ಪಲಿ ಬಿಟ್ಟು ಒಳಗೆ ಬಂದರು, ನೀರು ಕುಡಿದರು, ಆಮೇಲೆ "ಕಿಟಕಿಯಲ್ಲಿ ಲಾವಂಚ ಕಟ್ಟಿದ್ದೀಯಾ? ನಮ್ಮಪ್ಪನ ಮನೆ ನೆನಪಾಯಿತು" ಅಂದರು. ಎರಡು ರಾತ್ರಿ ಆಯಿತು, ಇನ್‌ಹೇಲರ್ ಕೈಗೆ ತೆಗೆದುಕೊಂಡಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಪಕ್ಕದ ಮನೆ ಹುಡುಗಿ ಬಾಗಿನ ತೆಗೆದುಕೊಳ್ಳಲು ಬಂದವಳು ಅರ್ಧ ಗಂಟೆ ಕೂತು ಹೋದಳು.

ಒಂದು ಕೇಳಬೇಕಿತ್ತು. ಒಗೆಯುವ ಕಲ್ಲು ತೆಗೆದ ಜಾಗದಲ್ಲಿ ಈಗ ಸ್ವಲ್ಪ ಮಣ್ಣು ಖಾಲಿ ಇದೆ. ಅಲ್ಲಿ ಪಾರಿಜಾತ ಬರುತ್ತದಾ?

ಗಾರೆ ಕೆಲಸ ಹರಿಹರ

ಬರುತ್ತದೆ, ಆದರೆ ಗೋಡೆಗೆ ಒತ್ತಿ ನೆಡಬೇಡಿ. ಗಿಡಕ್ಕೆ ಹಾಕುವ ನೀರೂ ಅದೇ ಗೋಡೆಗೆ ಇಳಿಯುತ್ತದೆ. ಆರಡಿ ಆಚೆಗೆ ನೆಡಿ.

ಹೂವಿನ ಬುಟ್ಟಿ

ಆರಡಿ ಸರಿ. ಬಿಸಿಲು ಅರ್ಧ ದಿನ ಬಿದ್ದರೂ ಸಾಕು. ನಮ್ಮ ಹಿತ್ತಲಲ್ಲಿ ಬೀಜ ಬಿದ್ದು ಹುಟ್ಟಿದ ಸಸಿಗಳು ಐದಾರು ಇವೆ. ಮಳೆ ನಿಲ್ಲುವ ಮೊದಲು ನೆಟ್ಟರೆ ಬೇರು ಹಿಡಿಯುತ್ತದೆ. ಒಂದನ್ನು ನಿಮಗೆ ಅಂತ ಚೀಲಕ್ಕೆ ಹಾಕಿಡುತ್ತೇನೆ.